ಕೈಕೊಡದ ಕಾರು ಬೇಕಾ, ಖುಷಿ ಕೊಡೋ ಕಾರು ಬೇಕಾ?

ಮೆಟ್ರೊದಲ್ಲಿ ನಿಂತ್ಕೊಂಡೋ, ಬಸ್ಸಿನ ಕಿಟಕಿ ಪಕ್ಕ ಕೂತ್ಕೊಂಡೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋ ಎಲ್ಲರಿಗೂ ಸ್ವಾಗತ. ಕಾರು ಓಡಿಸ್ತಾ ಕೇಳ್ತಿದ್ದೀರಾ ಅಂದ್ರೆ ಇನ್ನೂ ಒಳ್ಳೇದು, ಇವತ್ತಿನ ಮಾತು ನಿಮ್ಮ ಕೈಯಲ್ಲಿರೋ ಸ್ಟೇರಿಂಗ್ ಬಗ್ಗೇನೇ.

ಇತ್ತೀಚೆಗೆ ನನ್ನ ಮೂರು ಜನ ಗೆಳೆಯರು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. "ಮಗಾ, ಕೈಯಲ್ಲಿ ಏಳೆಂಟು ಲಕ್ಷ ಇದೆ. ಹೊಸದೊಂದು ಹ್ಯಾಚ್‌ಬ್ಯಾಕ್ ತಗೊಳ್ಳಲಾ, ಇಲ್ಲ ಅದೇ ದುಡ್ಡಿಗೆ ಐದಾರು ವರ್ಷ ಹಳೇದಾದ ಒಳ್ಳೇ ಟರ್ಬೊ ಸೆಡಾನ್ ಸಿಗುತ್ತಲ್ಲ, ಅದನ್ನ ತಗೊಳ್ಳಲಾ?" ಮೊದಲನೇದು ದಿನಾ ಸ್ಟಾರ್ಟ್ ಆಗುತ್ತೆ, ಆದ್ರೆ ಓಡಿಸೋವಾಗ ನಿದ್ದೆ ಬರುತ್ತೆ. ಎರಡನೇದು ಓಡಿಸೋವಾಗ ಮುಖದಲ್ಲಿ ನಗು ಬರುತ್ತೆ, ಆದ್ರೆ ಯಾವತ್ತು ನಿಂತುಬಿಡುತ್ತೋ ಅನ್ನೋ ಭಯ. ಯಾವುದು ಸರಿ?

ನಾನು ಎರಡನ್ನೂ ತಗೊಂಡಿದ್ದೀನಿ. ಮೊದಲು ಖುಷಿ ಕೊಡೋದನ್ನ, ಆಮೇಲೆ ಕೈಕೊಡದೆ ಇರೋದನ್ನ. ಹಾಗಾಗಿ ಇವತ್ತು ರಿವ್ಯೂ ಮಾಡಲ್ಲ, ಏನಾಯ್ತು ಅಂತ ಹೇಳ್ತೀನಿ.

ಕಥೆ ನಮ್ಮಪ್ಪನಿಂದಲೇ ಶುರು ಮಾಡಬೇಕು. ಅಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್. ರಿಟೈರ್ ಆಗಿದ್ದಾರೆ. ಹಾಸನದ ಕಡೆಯಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗೋ ಬಸ್ಸಲ್ಲೇ ಎಷ್ಟೋ ವರ್ಷ ಕಳೆದವರು. ಅಪಘಾತ ಮಾಡದೆ ಗಾಡಿ ಓಡಿಸಿದ್ದಕ್ಕೆ ಕೊಡೋ ಬೆಳ್ಳಿ ಪದಕ ನಮ್ಮನೆ ಷೋಕೇಸಲ್ಲಿ ಇದೆ. ಅವರು ಯಾವತ್ತೂ "ಬಸ್ ಓಡಿಸ್ತೀನಿ" ಅನ್ನಲ್ಲ, "ಗಾಡಿ ಕೈಗೆ ಬರುತ್ತೆ" ಅಥವಾ "ಕೈಗೆ ಬರಲ್ಲ" ಅಂತಾರೆ. ಒಂದೇ ಡಿಪೊ, ಒಂದೇ ಕಂಪನಿ, ಒಂದೇ ವರ್ಷದ ಎರಡು ಬಸ್. ಒಂದು ಕೈಗೆ ಬರುತ್ತೆ, ಇನ್ನೊಂದು ಬರಲ್ಲ. ಚಿಕ್ಕವನಿದ್ದಾಗ ನಂಗೆ ಇದು ಅರ್ಥ ಆಗ್ತಿರಲಿಲ್ಲ.

2020ರ ಕೊನೇಲಿ ನಾನು ಬೆಂಗಳೂರಲ್ಲಿ ಒಬ್ಬನೇ ಇದ್ದೆ. ನಾಗರಭಾವಿಯಲ್ಲಿ ಮನೆ. ಆಫೀಸು ಲ್ಯಾಪ್‌ಟಾಪ್ ಒಳಗೇ ಇತ್ತು. ಕಾರು ಬೇಕೇ ಬೇಕು ಅಂತ ಏನಿರಲಿಲ್ಲ, ಆಸೆ ಇತ್ತು ಅಷ್ಟೇ. 2016ರ ಮಾಡೆಲ್, 62,000 ಕಿಲೋಮೀಟರ್ ಓಡಿದ್ದ ಒಂದು ಯುರೋಪಿಯನ್ ಸೆಡಾನ್ ತಗೊಂಡೆ. 7.25 ಲಕ್ಷ ಕೊಟ್ಟೆ. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ಅದೇ ಕಾರನ್ನ ಒಂದು ತೊಂದರೆಯೂ ಇಲ್ಲದೆ ಲಕ್ಷ ಕಿಲೋಮೀಟರ್ ಓಡಿಸಿದವರು ನನಗೇ ಗೊತ್ತು. ನನ್ನ ಒಂದು ಕಾರಿನ ಹಣೆಬರಹ ನೋಡಿ ನೀವು ಕಂಪನಿಗೆ ಮಾರ್ಕ್ಸ್ ಹಾಕೋದು ಬೇಡ.

ಆ ಕಾರು ಹೇಗಿತ್ತು ಅಂತೀರಾ? ಡೋರ್ ಹಾಕಿದ್ರೆ ಹಳೇ ಕಾಲದ ಗೋದ್ರೆಜ್ ಬೀರು ಮುಚ್ಚಿದ ಹಾಗೆ ಗಟ್ಟಿ ಸದ್ದು. 100ರಲ್ಲಿ ಹೋಗ್ತಿದ್ರೂ ಒಳಗೆ 60ರಲ್ಲಿ ಹೋದ ಹಾಗೆ. ತಿರುವಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸ್ತೀವೋ ಕಾರು ಅಷ್ಟೇ ತಿರುಗೋದು, ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಮ್ಮಿ ಇಲ್ಲ. ಅಪ್ಪನನ್ನ ಮೊದಲ ಸಲ ಕೂರಿಸ್ಕೊಂಡು ನೈಸ್ ರೋಡಲ್ಲಿ ಹೋದಾಗ ಅವರು ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಒಂದೇ ಮಾತು: "ಕೈಗೆ ಬರುತ್ತೆ ಕಣೋ ಇದು." ನಮ್ಮಪ್ಪನ ಬಾಯಲ್ಲಿ ಅದು ಪದಕಕ್ಕಿಂತ ದೊಡ್ಡದು.

ಈಗ ಒಂದು ನಿಮಿಷ ಟೆಕ್ನಿಕಲ್ ಮಾತು. ಬೋರ್ ಆಗುತ್ತೆ ಅಂತ ಫಾರ್ವರ್ಡ್ ಮಾಡಬೇಡಿ, ಕಥೆಯ ವಿಲನ್ ಇಲ್ಲೇ ಇದ್ದಾನೆ.

ನನ್ನ ಕಾರಲ್ಲಿ ಇದ್ದಿದ್ದು ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹೆಸರೇ ಹೇಳೋ ಹಾಗೆ ಎರಡು ಕ್ಲಚ್. 1, 3, 5, 7ನೇ ಗೇರಿಗೆ ಒಂದು, 2, 4, 6ನೇ ಗೇರಿಗೆ ಇನ್ನೊಂದು. ನೀವು ಮೂರರಲ್ಲಿ ಹೋಗ್ತಿದ್ದಾಗಲೇ ಅದು ನಾಲ್ಕನ್ನ ರೆಡಿ ಮಾಡಿ ಇಟ್ಟಿರುತ್ತೆ. ಹಾಗಾಗಿ ಗೇರ್ ಬದಲಾಗಿದ್ದು ಗೊತ್ತೇ ಆಗಲ್ಲ, ಕಣ್ಣು ಮಿಟುಕಿಸೋದ್ರೊಳಗೆ ಆಗಿಹೋಗಿರುತ್ತೆ. ಖಾಲಿ ಹೈವೇಲಿ ಇದಕ್ಕಿಂತ ಮಜಾ ಕೊಡೋ ಆಟೊಮ್ಯಾಟಿಕ್ ಆ ಬೆಲೆಗೆ ಇಲ್ಲ ಅಂತಲೇ ನಾನು ಈಗಲೂ ಹೇಳೋದು.

ಆದ್ರೆ ಇದರಲ್ಲಿ ಎರಡು ಜಾತಿ. ಒಂದು, ಕ್ಲಚ್ ಆಯಿಲ್ ಒಳಗೆ ಮುಳುಗಿರೋದು. ಇನ್ನೊಂದು ಒಣ ಕ್ಲಚ್. ನಂದು ಒಣದ್ದು. ಬಂಪರ್ ಟು ಬಂಪರ್ ಟ್ರಾಫಿಕ್ಕಲ್ಲಿ ಕಾರು ಇಂಚಿಂಚೇ ಮುಂದೆ ಹೋಗ್ತಾ ಇರುತ್ತಲ್ಲ, ಆಗ ಏನಾಗುತ್ತೆ ಗೊತ್ತಾ? ನಾವು ಮ್ಯಾನ್ಯುಯಲ್ ಕಾರಲ್ಲಿ ಹಾಫ್ ಕ್ಲಚ್ ಒತ್ತಿ ತೆವಳಿಸ್ತೀವಲ್ಲ, ಅದನ್ನೇ ಆ ಗೇರ್‌ಬಾಕ್ಸು ನಮಗೆ ಗೊತ್ತಿಲ್ಲದ ಹಾಗೆ ಮಾಡ್ತಿರುತ್ತೆ. ಉಜ್ಜಿ ಉಜ್ಜಿ ಬಿಸಿ ಏರುತ್ತೆ. ತಣ್ಣಗೆ ಮಾಡೋಕೆ ಆಯಿಲ್ ಇಲ್ಲ. ಹಳೇ ಮಾದರಿಯ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್‌ಗೆ ಈ ಕಷ್ಟ ಇಲ್ಲ, ಅಲ್ಲಿ ತೆವಳೋವಾಗ ಶಕ್ತಿ ದಾಟಿಸೋದು ದ್ರವ. ಅದು ಸೋಮಾರಿ ಅನ್ನಿಸುತ್ತೆ, ನಿಜ. ಆದ್ರೆ ಆ ಸೋಮಾರಿತನಾನೇ ಅದನ್ನ ಕಾಪಾಡೋದು.

2023ರ ಟಾಮ್‌ಟಾಮ್ ಟ್ರಾಫಿಕ್ ಇಂಡೆಕ್ಸ್ ಪ್ರಕಾರ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕು. ಅಂದ್ರೆ ಗಂಟೆಗೆ ಸುಮಾರು 21 ಕಿಲೋಮೀಟರ್. ಜರ್ಮನಿಯ ಆಟೊಬಾನಲ್ಲಿ ಓಡೋಕೆ ಕನಸು ಕಂಡ ಗೇರ್‌ಬಾಕ್ಸನ್ನ ತಂದು ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ನಿಲ್ಲಿಸಿದ್ರೆ ಅದಾದ್ರೂ ಏನು ಮಾಡುತ್ತೆ ಪಾಪ.

ಮೊದಲ ಒಂದು ವರ್ಷ ನನಗೇನೂ ತೊಂದರೆ ಆಗಲಿಲ್ಲ. ಲಾಕ್‌ಡೌನ್ ಕಾಲ, ರೋಡು ಖಾಲಿ. ತೊಂದರೆ ಶುರುವಾಗಿದ್ದು 2022ರಲ್ಲಿ. ಒಂದರಿಂದ ಎರಡನೇ ಗೇರಿಗೆ ಹೋಗೋವಾಗ ಸಣ್ಣಗೆ ನಡುಗೋದು. ನಾನು ರೋಡ್ ಸರಿ ಇಲ್ಲ ಅಂದ್ಕೊಂಡೆ. ಪ್ರೀತಿಸೋ ಗಾಡಿಯ ತಪ್ಪು ನಮ್ಮ ಕಣ್ಣಿಗೆ ಕಾಣಲ್ಲ ನೋಡಿ.

ಅದೇ ವರ್ಷದ ಶುರುವಿನಲ್ಲಿ ಅಪ್ಪನ ಕಿಡ್ನಿ ಕೆಲಸ ನಿಲ್ಲಿಸ್ತು. ಶುಗರ್ ಬಹಳ ವರ್ಷದಿಂದ ಇತ್ತು. ಅಪ್ಪ ಅಮ್ಮ ಇಬ್ಬರೂ ನನ್ನ ಮನೆಗೇ ಬಂದ್ರು. ಡಯಾಲಿಸಿಸ್ ಶುರುವಾಯ್ತು, ಜಯನಗರದ ಕಡೆ. ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ 7 ಗಂಟೆಯ ಶಿಫ್ಟು. ಒಂದು ಸಲಕ್ಕೆ ನಾಲ್ಕು ಗಂಟೆ. ಮನೇಲಿ ಯಾರಿಗಾದ್ರೂ ಡಯಾಲಿಸಿಸ್ ನಡೀತಿದ್ರೆ ನಿಮಗೆ ಗೊತ್ತಿರುತ್ತೆ, ಅದು "ಇವತ್ತು ಬೇಡ ನಾಳೆ ಹೋಗೋಣ" ಅನ್ನೋ ಅಪಾಯಿಂಟ್‌ಮೆಂಟ್ ಅಲ್ಲ. ಒಂದು ಮಷೀನು, ನಿಮ್ಮ ಹಿಂದೆ ಇನ್ನೊಬ್ಬ ಪೇಷೆಂಟು ಕಾಯ್ತಾ ಇರ್ತಾರೆ.

ಆಗಸ್ಟ್ ತಿಂಗಳ ಒಂದು ಬುಧವಾರ. ಆರೂಕಾಲಿಗೆ ಮನೆ ಬಿಟ್ವಿ, ಸಣ್ಣ ಮಳೆ. ನಾಯಂಡಹಳ್ಳಿ ಹತ್ರ ಸಿಗ್ನಲ್ಲಲ್ಲಿ ನಿಂತಿದ್ದೀವಿ, ಹಸಿರು ಬಂತು, ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಸದ್ದು ಏರ್ತು, ಕಾರು ಕದಲಲಿಲ್ಲ. ಡ್ಯಾಷ್‌ಬೋರ್ಡಲ್ಲಿ ಗೇರಿನ ಅಕ್ಷರ ಮಿನುಗೋಕೆ ಶುರುವಾಯ್ತು. ಆಫ್ ಮಾಡಿ ಆನ್ ಮಾಡಿದೆ, ಮೊಬೈಲಿಗೆ ಮಾಡ್ತೀವಲ್ಲ ಹಾಗೆ. ಊಹೂಂ. ಹಿಂದಿನಿಂದ ಹಾರ್ನೋ ಹಾರ್ನು. ಇಬ್ಬರು ಆಟೊ ಡ್ರೈವರ್‌ಗಳು ಇಳಿದು ಬಂದು ಪಕ್ಕಕ್ಕೆ ತಳ್ಳೋಕೆ ನೋಡಿದ್ರು. ಅಪ್ಪ ಒಳಗೆ ಕೂತಿದ್ದಾರೆ, ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಆ ಕೈಯಲ್ಲಿ ಡಯಾಲಿಸಿಸ್‌ಗೆ ಅಂತ ಮಾಡಿದ ಫಿಸ್ಟುಲಾ. ಅವರೂ ಇಳಿದು ತಳ್ಳೋಕೆ ಬಂದ್ರು. "ಅಪ್ಪಾ, ನೀನು ಸುಮ್ನೆ ಕೂತ್ಕೊ!" ಅಂತ ನಾನು ರೋಡಲ್ಲಿ ಕಿರುಚಿದೆ. ಅದು ಈಗಲೂ ನೆನಪಾಗುತ್ತೆ.

ಆ ಇಬ್ಬರಲ್ಲಿ ಒಬ್ಬರು ಆಟೊದಲ್ಲಿ ಪ್ಯಾಸೆಂಜರ್ ಇದ್ರು. ಇನ್ನೊಬ್ಬರು ಗ್ಯಾಸ್ ಹಾಕಿಸೋಕೆ ಹೊರಟವರು, ನಮ್ಮನ್ನ ಕೂರಿಸ್ಕೊಂಡ್ರು. ಮಧ್ಯದಲ್ಲಿ ಅವರ ಗ್ಯಾಸ್ ಮುಗೀತು, ಬೇರೆ ಆಟೊ ಹುಡುಕಿದ್ವಿ. ಹೀಗೆ ತಲುಪಿದಾಗ ಎಂಟು ಗಂಟೆ. ನಾಲ್ಕು ಗಂಟೆ ಆಗಬೇಕಿದ್ದ ಡಯಾಲಿಸಿಸ್ ಮೂರು ಗಂಟೆಗೆ ಮುಗಿಸಬೇಕಾಯ್ತು, ಮುಂದಿನ ಪೇಷೆಂಟ್ ಬಂದಾಗಿತ್ತು. ಯಾರನ್ನೂ ದೂರೋ ಹಾಗಿಲ್ಲ. ಆ ರಾತ್ರಿ ಅಪ್ಪನಿಗೆ ಮಲಗಿದ್ರೆ ಉಸಿರು ಕಟ್ಟೋದು, ಎದ್ದು ಕೂತ್ಕೊಂಡೇ ಬೆಳಗು ಮಾಡಿದ್ರು. ಮಾರನೇ ದಿನ ಎಮರ್ಜೆನ್ಸೀಲಿ ಇನ್ನೊಂದು ಸಲ ಡಯಾಲಿಸಿಸ್ ಮಾಡಿಸಿದ್ವಿ.

ಸರ್ವಿಸ್ ಸೆಂಟರ್‌ನವರು ಗೇರ್‌ಬಾಕ್ಸನ್ನ ಕಂಟ್ರೋಲ್ ಮಾಡೋ ಯೂನಿಟ್ಟೇ ಹೋಗಿದೆ ಅಂದ್ರು. ಮೆಕಾಟ್ರಾನಿಕ್ ಅಂತಾರೆ ಅದಕ್ಕೆ. ಗೇರ್ ಹಾಕೋ ಹೈಡ್ರಾಲಿಕ್ಸು, ಯಾವಾಗ ಹಾಕಬೇಕು ಅಂತ ನಿರ್ಧರಿಸೋ ಕಂಪ್ಯೂಟರು, ಎರಡೂ ಸೇರಿದ ಒಂದು ಡಬ್ಬ. ಅದು, ಕ್ಲಚ್ಚು, ಕೂಲಿ ಎಲ್ಲಾ ಸೇರಿ 1.7 ಲಕ್ಷ. ವಾರಂಟಿ ಮುಗಿದು ಎಷ್ಟೋ ಕಾಲ ಆಗಿತ್ತು. ಹೊರಗಡೆ ಗ್ಯಾರೇಜಿನ ಅಣ್ಣ ಒಬ್ಬರು ಅದನ್ನೇ ಬಿಚ್ಚಿ ರಿಪೇರಿ ಮಾಡಿ 95 ಸಾವಿರಕ್ಕೆ ಮುಗಿಸಿದ್ರು. ಪಾರ್ಟ್ ಬರೋಕೆ 19 ದಿನ. ಆ 19 ದಿನವೂ ಡಯಾಲಿಸಿಸ್ ಇತ್ತು ಅನ್ನೋದನ್ನ ಮರೀಬೇಡಿ. ಬೆಳಿಗ್ಗೆ ಐದೂವರೆಗೇ ಕ್ಯಾಬ್ ಬುಕ್ ಮಾಡ್ತಾ ಕೂತ್ಕೊಳ್ಳೋದು, ಎರಡು ಜನ ಕ್ಯಾನ್ಸಲ್ ಮಾಡೋದು, ಮೂರನೇಯವರು ಬರೋದು.

ಕಾರು ವಾಪಸ್ ಬಂದಾಗ ಚೆನ್ನಾಗಿಯೇ ಇತ್ತು. ಆದ್ರೆ ನಾನು ಬದಲಾಗಿದ್ದೆ. ಪ್ರತಿ ಸಿಗ್ನಲ್ಲಲ್ಲೂ ಕಣ್ಣು ಡ್ಯಾಷ್‌ಬೋರ್ಡ್ ಮೇಲೆ. ಭಯ ಬಂದ ಮೇಲೆ ಆ ಸ್ಟೇರಿಂಗ್, ಆ ಪಿಕಪ್, ಯಾವುದೂ ಗೊತ್ತೇ ಆಗ್ತಿರಲಿಲ್ಲ. ನಂಬಿಕೆ ಇಲ್ಲದ ಗಾಡೀಲಿ ಖುಷಿ ಅನ್ನೋದು ಇರೋಕೇ ಸಾಧ್ಯ ಇಲ್ಲ ಅಂತ ನಂಗೆ ಗೊತ್ತಾಗಿದ್ದು ಆಗ. ಎರಡು ತಿಂಗಳಲ್ಲಿ 4.8 ಲಕ್ಷಕ್ಕೆ ಮಾರಿದೆ. ತಗೊಂಡವನಿಗೆ ರಿಪೇರಿ ಬಿಲ್ಲು ತೋರಿಸಿಯೇ ಕೊಟ್ಟೆ. 25 ವರ್ಷದ ಹುಡುಗ, ಹೈವೇಲಿ ಓಡಾಟ ಜಾಸ್ತಿ ಅಂದ. ಅವನಿಗೆ ಅದು ಸರಿಯಾದ ಕಾರೇ.

ಆಮೇಲೆ ತಗೊಂಡಿದ್ದು ಒಂದು ಹೊಸ ಬಿಳಿ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್, ಟರ್ಬೊ ಇಲ್ಲ, ಐದು ಗೇರಿನ ಮ್ಯಾನ್ಯುಯಲ್. ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಅದೇ ಕಾರು ಅದೇ ಬಣ್ಣದ್ದು ನಾಲ್ಕಿವೆ, ಒಂದು ಸಲ ಬೇರೆಯವರ ಕಾರಿಗೆ ಕೀ ಒತ್ತಿ ಒತ್ತಿ ಬೈಕೊಂಡಿದ್ದೀನಿ. ಮೂರು ವರ್ಷ ಆಯ್ತು. ಸರ್ವಿಸ್ ಬಿಟ್ರೆ ಒಂದು ಬ್ಯಾಟರಿ, ಒಂದು ಜೊತೆ ವೈಪರ್. ಅಷ್ಟೇ ಖರ್ಚು.

ಇಲ್ಲಿಗೆ "ಹಾಗಾದ್ರೆ ಬೋರಿಂಗ್ ಕಾರೇ ತಗೊಳ್ಳಿ" ಅಂತ ಹೇಳಿ ಮುಗಿಸಬಹುದಿತ್ತು. ಆದ್ರೆ ಅದು ಪೂರ್ತಿ ನಿಜ ಅಲ್ಲ.

ಮೊದಲು ಈ "ಕೈಕೊಡಲ್ಲ" ಅನ್ನೋ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅಮೆರಿಕದಲ್ಲಿ ಜೆ.ಡಿ. ಪವರ್ ಅನ್ನೋ ಸಂಸ್ಥೆ ಮೂರು ವರ್ಷ ಹಳೇ ಕಾರುಗಳ ಮಾಲೀಕರನ್ನ ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಅಂತ ಲೆಕ್ಕ ಹಾಕುತ್ತೆ. ಆ ಲೆಕ್ಕದಲ್ಲಿ ಮೊಬೈಲು ಕಾರಿನ ಸ್ಕ್ರೀನಿಗೆ ಕನೆಕ್ಟ್ ಆಗದೆ ಇರೋದೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋಗೋದೂ ಒಂದು ತೊಂದರೆ. ಇತ್ತೀಚಿನ ವರ್ಷಗಳಲ್ಲಿ ಅವರ ಪಟ್ಟೀಲಿ ಜಾಸ್ತಿ ಬರ್ತಿರೋದು ಈ ಸ್ಕ್ರೀನಿನ ಗೋಳೇ. ಅಂಕಿ ಸುಳ್ಳಲ್ಲ. ಆದ್ರೆ ನಿಮಗೆ ಬೇಕಾದ ಪ್ರಶ್ನೆ "ಎಷ್ಟು ತೊಂದರೆ" ಅನ್ನೋದಲ್ಲ. "ರೋಡಲ್ಲಿ ನಿಲ್ಲಿಸುತ್ತಾ, ನಿಲ್ಲಿಸಿದ್ರೆ ಎಷ್ಟು ದಿನಕ್ಕೆ ಸರಿ ಹೋಗುತ್ತೆ?" ಅನ್ನೋದು.

ಆ ಎರಡನೇ ಭಾಗ ಬಹಳ ಮುಖ್ಯ. ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೇ ಉದಾಹರಣೆ ಇದೆ. ಫಿಯೆಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್. 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್ ಬಂತಲ್ಲ, ಡಿಡಿಐಎಸ್ ಅಂತ ಬೋರ್ಡ್ ಹಾಕ್ಕೊಂಡು, ಅದರೊಳಗೆ ಇದ್ದಿದ್ದು ಇದೇ. ಟಾಟಾದವರು ಕ್ವಾಡ್ರಾಜೆಟ್ ಅಂತ ಕರೆದಿದ್ದೂ ಇದನ್ನೇ. ಎಷ್ಟು ಕಾರಲ್ಲಿ ಇತ್ತು ಅಂದ್ರೆ ಜನ ಅದನ್ನ ಭಾರತದ ರಾಷ್ಟ್ರೀಯ ಎಂಜಿನ್ ಅಂತ ತಮಾಷೆ ಮಾಡ್ತಿದ್ರು. 2009ರಲ್ಲಿ ಫಿಯೆಟ್ ತನ್ನದೇ ಕಾರು ಪುಂಟೊವನ್ನ ಇಲ್ಲಿಗೆ ತಂತು, ಅದೇ ಎಂಜಿನ್ ಜೊತೆ. ಪುಂಟೊ ಓಡಿಸಿದವರನ್ನ ಕೇಳಿ ನೋಡಿ, ಅದರ ಹೈಡ್ರಾಲಿಕ್ ಸ್ಟೇರಿಂಗ್ ಬಗ್ಗೆ, ಹಳ್ಳ ದಿಣ್ಣೇಲಿ ಅದು ಹೋಗೋ ರೀತಿ ಬಗ್ಗೆ ಅರ್ಧ ಗಂಟೆ ಮಾತಾಡ್ತಾರೆ. ಆದ್ರೆ ಸೇಲ್ ಆಗಿದ್ದು ಸ್ವಿಫ್ಟು. ಎಂಜಿನ್ ಒಂದೇ! ಜನ ದಡ್ಡರಾ? ಅಲ್ಲ. ಸ್ವಿಫ್ಟಿನ ಪಾರ್ಟು ತಾಲ್ಲೂಕಿನ ಅಂಗಡೀಲೂ ಸಿಗ್ತಿತ್ತು, ಅದನ್ನ ಬಿಚ್ಚಿ ಗೊತ್ತಿರೋ ಮೆಕ್ಯಾನಿಕ್ಕು ಪ್ರತಿ ಊರಲ್ಲೂ ಇದ್ದ. 2020ರ ಏಪ್ರಿಲ್ಲಲ್ಲಿ ಬಿಎಸ್ 6 ನಿಯಮ ಬರೋ ಹೊತ್ತಿಗೆ ಫಿಯೆಟ್ ಇಲ್ಲಿ ಕಾರು ಮಾರೋದನ್ನೇ ನಿಲ್ಲಿಸಿತ್ತು. 2021ರ ಸೆಪ್ಟೆಂಬರಲ್ಲಿ ಫೋರ್ಡ್ ಕೂಡ ಇಲ್ಲಿ ಕಾರು ತಯಾರಿಸೋದು ನಿಲ್ಲಿಸ್ತೀವಿ ಅಂತ ಘೋಷಿಸ್ತು. ಡ್ರೈವಿಂಗ್ ಇಷ್ಟಪಡೋರು ಪ್ರೀತಿಸಿದ್ದ ಎರಡು ಬ್ರ್ಯಾಂಡು. ಹಾಗಾಗಿ ನಂಬಿಕೆ ಅನ್ನೋದು ಬಾನೆಟ್ ಒಳಗೆ ಅರ್ಧ ಇದ್ರೆ, ಇನ್ನರ್ಧ ಜೆಸಿ ರೋಡಿನ ಬಿಡಿಭಾಗದ ಅಂಗಡೀಲಿ ಇರುತ್ತೆ.

ಈಗ ಇನ್ನೊಂದು ಕಡೆಗೆ ಬರ್ತೀನಿ. ಈ ಬೋರಿಂಗ್ ಕಾರು ನನ್ನಿಂದ ಏನು ಕಿತ್ಕೊಂಡಿತು?

ಅಕ್ಕನ ಮನೆ ಪುತ್ತೂರಲ್ಲಿ. ವರ್ಷಕ್ಕೆ ನಾಲ್ಕು ಸಲ ಹೋಗ್ತೀವಿ, ಮಳೆಗಾಲದಲ್ಲಿ ಶಿರಾಡೀಲಿ ಗುಡ್ಡ ಕುಸಿದು ರೋಡ್ ಬಂದ್ ಆಗದೆ ಇದ್ರೆ. ವಾಪಸ್ ಬರೋವಾಗ ಗುಂಡ್ಯದಿಂದ ಮೇಲೆ ಹತ್ತಬೇಕು. ಮುಂದೆ ಗ್ಯಾಸ್ ಟ್ಯಾಂಕರ್, ಅದರ ಮುಂದೆ ಇನ್ನೊಂದು ಗ್ಯಾಸ್ ಟ್ಯಾಂಕರ್. ಹಳೇ ಕಾರಲ್ಲಾದ್ರೆ ಸಣ್ಣ ಜಾಗ ಸಿಕ್ಕಿದ್ರೂ ಸಾಕು, ಕಾಲಿಟ್ಟರೆ ಮುಂದೆ ಹೋಗಿರ್ತಿತ್ತು. ಟರ್ಬೊ ಎಂಜಿನ್ನಿಗೆ 1,500-2,000 ಆರ್‌ಪಿಎಂ ಸುತ್ತಮುತ್ತಲೇ ಪೂರ್ತಿ ಎಳೆತ ಬಂದುಬಿಡುತ್ತೆ. ಟರ್ಬೊ ಇಲ್ಲದ ಸಾಮಾನ್ಯ 1.2 ಪೆಟ್ರೋಲಿಗೆ ಅದು ಬರೋದು 4,000 ದಾಟಿದ ಮೇಲೆ. ನಾಲ್ಕು ಜನ, ಡಿಕ್ಕಿ ತುಂಬ ಹಲಸಿನಕಾಯಿ ಹಪ್ಪಳ, ತೆಂಗಿನಕಾಯಿ. ಎಸಿ ಆಫ್ ಮಾಡಿ, ಎರಡನೇ ಗೇರಿಗೆ ಇಳಿಸಿ, ಎಂಜಿನ್ ಕೂಗ್ತಾ ಇದ್ರೂ ಟ್ಯಾಂಕರಿನ ಅರ್ಧ ದಾಟೋ ಹೊತ್ತಿಗೆ ಎದುರಿಗೆ ಬಸ್ಸು. ಒಂದು ಸಲ ಬ್ರೇಕ್ ಹಾಕಿ ಹಿಂದಕ್ಕೆ ಬಂದು ಸೇರ್ಕೊಂಡಿದ್ದೀನಿ. ಪಿಕಪ್ ಅನ್ನೋದನ್ನ ಬರೀ ಮಜಾ ಅಂತ ನೋಡಬೇಡಿ ಅಂತ ಹೇಳೋದು ಇದಕ್ಕೇ. ಅದು ಕೆಲವು ಸಲ ಸುರಕ್ಷತೆ. ಒಳ್ಳೇ ಸೀಟು, ಗಟ್ಟಿ ಸಸ್ಪೆನ್ಷನ್ನೂ ಹಾಗೆಯೇ, ಆರು ಗಂಟೆ ಓಡಿಸಿದ ಮೇಲೆ ನಿಮ್ಮ ಸೊಂಟ ಹೇಳುತ್ತೆ.

ಎರಡನೇದು ನಾನು ಎಣಿಸದೇ ಇದ್ದಿದ್ದು. ಡಯಾಲಿಸಿಸ್ ಮುಗಿಸಿ ಬರೋವಾಗ ಅಪ್ಪ ಸುಸ್ತಾಗಿರ್ತಾರೆ. ಹಳೇ ಕಾರಲ್ಲಿ, ಚೆನ್ನಾಗಿದ್ದ ದಿನ, "ಲೋ, ನೈಸ್ ರೋಡ್ ಕಡೆಯಿಂದ ಹೋಗಣ, ಸ್ವಲ್ಪ ಎಳಿ ನೋಡಣ" ಅನ್ನೋರು. ಟೋಲ್ ದುಡ್ಡು ದಂಡ, ಸುತ್ತು ಬೇರೆ. ಆದ್ರೂ ಹೋಗ್ತಿದ್ವಿ. ಅವರು ಈಗ ಸ್ಟೇರಿಂಗ್ ಹಿಡಿಯೋ ಹಾಗಿಲ್ಲ. ಪಕ್ಕದ ಸೀಟಲ್ಲಿ ಕೂತು, ಕಾಲಲ್ಲೇ ಇಲ್ಲದ ಬ್ರೇಕ್ ಒತ್ತೋರು, ತಿರುವು ಬಂದ್ರೆ ಭುಜ ಓರೆ ಮಾಡೋರು. ಆ ಹತ್ತು ನಿಮಿಷ ಅವರು ಪೇಷೆಂಟ್ ಆಗಿರ್ತಿರಲಿಲ್ಲ. ಬಿಳಿ ಕಾರು ಬಂದ ಮೇಲೆ ಒಂದು ಸಲವೂ ನೈಸ್ ರೋಡ್ ಅಂತ ಕೇಳಿಲ್ಲ. ಕೂತ ತಕ್ಷಣ ಸೀಟು ಹಿಂದಕ್ಕೆ ಮಾಡ್ಕೊಂಡು ನಿದ್ದೆ ಹೋಗ್ತಾರೆ. ವಯಸ್ಸೋ, ಕಾಯಿಲೆಯೋ, ಕಾರೋ, ಹೇಳೋಕಾಗಲ್ಲ.

ಮೂರನೇದು ನನ್ನದೇ ತಪ್ಪು. ಹಳೇ ಕಾರನ್ನ ವಾರಕ್ಕೊಂದು ಸಲ ತೊಳೀತಿದ್ದೆ, ಟಯರ್ ಗಾಳಿ, ಕೂಲೆಂಟ್, ಎಲ್ಲ ನೋಡ್ತಿದ್ದೆ. ಇದನ್ನ? ಕೈಕೊಡಲ್ಲ ಅಂತ ಗೊತ್ತಿದೆಯಲ್ಲ, ಬಾನೆಟ್ ಎತ್ತಿಯೇ ಆರು ತಿಂಗಳಾಗಿರುತ್ತೆ. ಹೋದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ಮತ್ತೆ ರಿಂಗ್ ರೋಡಲ್ಲಿ ನಿಂತ್ವಿ. ಟಯರ್ ಪಂಕ್ಚರ್. ಸವೆದು ನುಣ್ಣಗಾಗಿದ್ದ ಟಯರು, ನಾನು ನೋಡೇ ಇರಲಿಲ್ಲ. ಸ್ಟೆಪ್ನಿ ಹಾಕೋಣ ಅಂದ್ರೆ ಅದರಲ್ಲೂ ಗಾಳಿ ಇಲ್ಲ. ಅಪ್ಪ ಒಂದು ಮಾತೂ ಬೈಲಿಲ್ಲ. ಸಂಜೆ ಮಾತ್ರ ಹೇಳಿದ್ರು: "ನಾವು ಬೆಳಿಗ್ಗೆ ಡಿಪೊಗೆ ಹೋದ್ರೆ ಮೊದಲು ಗಾಡಿ ಸುತ್ತ ಒಂದು ಸುತ್ತು ಹಾಕ್ತಿದ್ವಿ. ಹೊಸ ಬಸ್ಸಾದ್ರೂ ಅಷ್ಟೇ, ಹಳೇದಾದ್ರೂ ಅಷ್ಟೇ." ಅದಾದ ಮೇಲೆ ನಾನೂ ಸುತ್ತು ಹಾಕ್ತೀನಿ, ಡಯಾಲಿಸಿಸ್ ಹಿಂದಿನ ರಾತ್ರಿ.

ಸರಿ, ಹಾಗಾದ್ರೆ ಗೆಳೆಯರಿಗೆ ಏನು ಹೇಳಿದೆ?

ಒಂದು ಹಾಳೆ ತಗೊಳ್ಳಿ ಅಂದೆ, ಅಥವಾ ಮೊಬೈಲಲ್ಲೇ ನೋಟ್ಸ್. ವರ್ಷದಲ್ಲಿ ಎಷ್ಟು ದಿನ ಈ ಕಾರು ಕೈಕೊಟ್ಟರೆ ನಿಜವಾಗಲೂ ಕಷ್ಟ ಆಗುತ್ತೆ ಅಂತ ಬರೀರಿ. ಆಫೀಸಿಗೆ ಲೇಟಾಗೋದು ಕಷ್ಟ ಅಲ್ಲ, ಮುಜುಗರ. ನನಗೆ ವಾರಕ್ಕೆ ಮೂರು, ವರ್ಷಕ್ಕೆ 156 ಬೆಳಿಗ್ಗೆ. ನೂರಕ್ಕೆ 99 ಸಲ ಸರಿಯಾಗಿರೋ ಕಾರು ಅಂದ್ರೆ ಕೇಳೋಕೆ ಅದ್ಭುತ ಅನ್ಸುತ್ತೆ, ಆದ್ರೆ ನನ್ನ ಲೆಕ್ಕದಲ್ಲಿ ಅದು ವರ್ಷಕ್ಕೆ ಒಂದೆರಡು ಸಲ ಅಪ್ಪನನ್ನ ರೋಡಲ್ಲಿ ನಿಲ್ಲಿಸುತ್ತೆ. ಅದೇ 2020ರಲ್ಲಿ ಒಬ್ಬನೇ ಇದ್ದಾಗ ನನ್ನ ಸಂಖ್ಯೆ ಸೊನ್ನೆ. ಆಗ ಆ ಕಾರು ತಗೊಂಡಿದ್ದು ತಪ್ಪಲ್ಲ ಅಂತಲೇ ನಾನು ಈಗಲೂ ಹೇಳ್ತೀನಿ. ಸಂಖ್ಯೆ ಬದಲಾದ ದಿನ ನಾನು ಕಾರು ಬದಲಾಯಿಸಬೇಕಿತ್ತು, ಎಂಟು ತಿಂಗಳು ತಡ ಮಾಡಿದೆ. ತಪ್ಪು ಅದು.

ಅದರ ಪಕ್ಕದಲ್ಲಿ, ನಿಮ್ಮ ಖುಷಿ ಯಾವ ರೋಡಲ್ಲಿ ಇದೆ ಅಂತ ಬರೀರಿ. ನಾನು ಲೆಕ್ಕ ಹಾಕಿದೆ. ಶಿರಾಡಿ ಘಾಟಿಯ ತಿರುವು ವರ್ಷಕ್ಕೆಲ್ಲಾ ಸೇರಿ ಆರೇಳು ಗಂಟೆ. ಬೆಂಗಳೂರಿನ ಟ್ರಾಫಿಕ್ಕು ಮುನ್ನೂರು ಗಂಟೆ ಮೇಲೆ. ಆ ಮುನ್ನೂರು ಗಂಟೇಲಿ ಖುಷಿ ಕೊಡೋದು ಹಾರ್ಸ್‌ಪವರ್ ಅಲ್ಲ. ಹಗುರಾದ ಕ್ಲಚ್ಚು, ಬೆಣ್ಣೆ ಥರ ಬೀಳೋ ಗೇರು, ನಾಲ್ಕೂ ಮೂಲೆ ಕಾಣೋ ಕಿಟಕಿ, ಸಣ್ಣ ಗಲ್ಲೀಲಿ ಒಂದೇ ಸಲಕ್ಕೆ ತಿರುಗೋ ಸ್ಟೇರಿಂಗು. ಹಗುರಾದ ಸಣ್ಣ ಕಾರಿಗೆ ಇವೆಲ್ಲ ಸುಲಭ. ನನ್ನ ಬಿಳಿ ಕಾರಲ್ಲಿ ಇಷ್ಟೆಲ್ಲಾ ಇದೆ ಅನ್ನೋದು ನಂಗೆ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು, ಕೋಪದಲ್ಲಿ ಓಡಿಸ್ತಿದ್ದೆ ನೋಡಿ.

ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಹೇಳಿದ ಖಾಲಿ ರೋಡಿಗೆ ಹೋಗಬೇಡಿ. ಸಂಜೆ ಆರೂವರೆಗೆ, ನೀವು ದಿನಾ ಹೋಗೋ ದಾರೀಲೇ ತಗೊಂಡು ಹೋಗಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಅರ್ಧ ಗಂಟೆ ಟ್ರಾಫಿಕ್ಕಲ್ಲಿ ತೆವಳಿಸಿ, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಒಂದು ಏರಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ನಡುಗಿದ್ರೆ ಥ್ಯಾಂಕ್ಸ್ ಹೇಳಿ ಬಂದುಬಿಡಿ. ಮತ್ತೆ, ಅಂಥಾ ಕಾರಿಗೆ ಇರೋ ದುಡ್ಡೆಲ್ಲಾ ಸುರೀಬೇಡಿ, ಒಂದೂವರೆ ಎರಡು ಲಕ್ಷ ಪಕ್ಕಕ್ಕೆ ಇಟ್ಟಿರಿ. ಅಷ್ಟು ಇಡೋಕೆ ಆಗಲ್ಲ ಅಂದ್ರೆ ಆ ಕಾರು ನಿಮ್ಮ ಬಜೆಟ್‌ದಲ್ಲ, ಎಷ್ಟೇ ಚೀಪಾಗಿ ಸಿಗಲಿ.

ಎಲೆಕ್ಟ್ರಿಕ್ ತಗೊಳ್ಳಬಹುದಲ್ವಾ ಅಂತ ಕೇಳ್ತೀರ, ಗೊತ್ತು. ಕ್ಲಚ್ಚೇ ಇಲ್ಲ, ಟ್ರಾಫಿಕ್ಕಲ್ಲಿ ಬಿಸಿ ಆಗೋ ಗೋಳಿಲ್ಲ, ಕಾಲಿಟ್ಟ ತಕ್ಷಣ ಟಾರ್ಕ್ ಬರುತ್ತೆ. ಎರಡೂ ಒಟ್ಟಿಗೆ ಸಿಗೋ ದಾರಿ ಅದೇ ಇರಬಹುದು. ನಮ್ಮ ಅಪಾರ್ಟ್‌ಮೆಂಟಲ್ಲಿ ಚಾರ್ಜರ್ ಹಾಕೋಕೆ ಬಿಡಿ ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಜಗಳ ನಡೀತಾ ಇದೆ, ಅದು ಇತ್ಯರ್ಥ ಆಗಲಿ.

ಹೋದ ತಿಂಗಳು ಅಕ್ಕನ ಮಗಳ ನಾಮಕರಣ. ಶುಕ್ರವಾರದ ಡಯಾಲಿಸಿಸ್ ಮುಗಿಸಿ, ಶನಿವಾರ ಹೋಗಿ ಭಾನುವಾರ ಹೊರಟ್ವಿ. ಗುಂಡ್ಯ ದಾಟಿ ಏರು ಶುರುವಾಯ್ತು, ಯಥಾಪ್ರಕಾರ ಎಂಜಿನ್ ಒದ್ದಾಟ. ನಿದ್ದೆ ಹೋಗಿದ್ದಾರೆ ಅಂದ್ಕೊಂಡಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ ಅಂದ್ರು: "ತಿರುವಿಗೆ ಬಂದ ಮೇಲೆ ಗೇರ್ ಇಳಿಸಬೇಡ ಕಣೋ. ಇನ್ನೂ ಹತ್ತು ಮಾರು ಇದೆ ಅನ್ನೋವಾಗಲೇ ಇಳಿಸು. ಗಾಡಿಗೆ ಉಸಿರು ಇರುತ್ತೆ." ಮುಂದಿನ ತಿರುವಲ್ಲಿ ಹಾಗೇ ಮಾಡಿದೆ. ಎರಡನೇ ಗೇರಲ್ಲಿ ಎಂಜಿನ್ ಮೇಲೆ ಎದ್ದು ಕೂತ್ಕೊಳ್ತು, ಒಂದೇ ಎಳೆತಕ್ಕೆ ತಿರುವಿನಿಂದ ಆಚೆ. ಅಪ್ಪ ಸೀಟು ಮುಂದಕ್ಕೆ ಎಳ್ಕೊಂಡು ನೆಟ್ಟಗೆ ಕೂತ್ರು. ಮಾರನಹಳ್ಳಿ ಬರೋತನಕ ಪ್ರತಿ ತಿರುವಿಗೂ "ಈಗ", "ಈಗ" ಅಂತ ಹೇಳ್ತಾನೇ ಇದ್ರು. ಹಿಂದಿನ ಸೀಟಲ್ಲಿ ಅಮ್ಮ "ಇಬ್ಬರಿಗೂ ತಲೆ ಕೆಟ್ಟಿದೆ" ಅಂತ ಗೊಣಗಾಟ.

ಸಕಲೇಶಪುರದಲ್ಲಿ ಟೀಗೆ ನಿಲ್ಲಿಸಿದ್ವಿ. ಅಪ್ಪನಿಗೆ ಅರ್ಧ ಲೋಟ ಮಾತ್ರ, ನೀರಿನ ಲೆಕ್ಕ ಇದೆಯಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಎಡಗಡೆ ಹಿಂದಿನ ಟಯರನ್ನ ಕಾಲಲ್ಲಿ ಒದ್ದು ನೋಡಿ, "ಇದರಲ್ಲಿ ಗಾಳಿ ಕಮ್ಮಿ ಇದೆ, ಹಾಸನದಲ್ಲಿ ಹಾಕಿಸು" ಅಂದ್ರು. ಹಾಕಿಸಿದೆ. ನಿಜವಾಗಲೂ ಕಮ್ಮಿ ಇತ್ತು.

ನಿಮ್ಮ ಮನೆ ಗಾಡಿಯ ಕಥೆ ಏನಿದೆ, ಕಾಮೆಂಟಲ್ಲಿ ಹೇಳಿ. ಮುಂದಿನ ವಾರ ಸಿಗೋಣ.